ಡಬ್ಬಿಮನೆಯ ಮಳೆಗಾಲ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ತೋಟ ಇರುವುದು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ಕಡೆ. ಹೋಂಸ್ಟೇ ನಡೆಸುತ್ತೇವೆ. ಮನೆಯಲ್ಲಿ ಕೋಣೆ ಸಾಲದೆ ಬಂದಾಗ, ಹೊಸದಾಗಿ ಕಟ್ಟಿಸುವ ಬದಲು ಯಜಮಾನರು ಒಂದು ಹಳೆಯ ಕ್ಯಾರವಾನ್ ಕೊಂಡು ತಂದು ಕಾಫಿ ಕಣದ ಪಕ್ಕ ನಿಲ್ಲಿಸಿದರು. ಎಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ. ಜೀಪಿಗೆ ಕಟ್ಟಿ ಎಳೆದು ತಂದದ್ದು, ನಿಲ್ಲಿಸಿದ ಕಡೆ ನಿಂತಿದೆ. ಒಳಗೆ ಎರಡು ಮಂಚ, ಸಣ್ಣ ಅಡುಗೆಕಟ್ಟೆ, ಒಂದು ಬಾತ್‌ರೂಮು. ತೋಟದ ಆಳುಗಳು ಮೊದಲ ದಿನವೇ ಅದಕ್ಕೆ ‘ಡಬ್ಬಿಮನೆ’ ಅಂತ ಹೆಸರಿಟ್ಟರು. ಈಗ ನಾವೂ ಹಾಗೇ ಕರೆಯುತ್ತೇವೆ.

ಅದರ ಜೊತೆ ಒಂದು ಇಂಗ್ಲಿಷ್ ಕೈಪಿಡಿ ಬಂದಿತ್ತು. ಬ್ರಿಟನ್ನಿನಲ್ಲಿ ಕಡಲ ದಂಡೆಯಲ್ಲಿ ಇಂಥವನ್ನು ಸಾಲಾಗಿ ನಿಲ್ಲಿಸಿಕೊಂಡು, ರಜೆ ಬಂದಾಗ ಹೋಗಿ ಇರುತ್ತಾರಂತೆ. ಅವರಿಗೆ ಭಯ ಇರುವುದು ಚಳಿಗಾಲದ್ದು. ಪೈಪಿನಲ್ಲಿ ಉಳಿದ ನೀರು ಮಂಜುಗಡ್ಡೆಯಾಗಿ ಶೇಕಡ 9ರಷ್ಟು ಹಿಗ್ಗಿ ಪೈಪನ್ನೇ ಸೀಳುತ್ತದೆ. ಹಾಗಾಗಿ ಪುಸ್ತಕದ ಅರ್ಧ ಭಾಗ ನವೆಂಬರಿನಲ್ಲಿ ಏನು ಮಾಡಬೇಕು ಅಂತಲೇ ಇದೆ. ನಮಗೆ ನವೆಂಬರ್ ಅಂದರೆ ಹಣ್ಣು ಕುಯ್ಲು. ನಮ್ಮ ಕಷ್ಟ ಶುರುವಾಗುವುದು ಜೂನಿನಲ್ಲಿ, ಮೃಗಶಿರೆ ಮಳೆ ಹಿಡಿದ ಮೇಲೆ. ಆ ಪುಸ್ತಕವನ್ನು ನಮ್ಮ ಮಳೆ ಲೆಕ್ಕಕ್ಕೆ ತಿರುಗಿಸಿಕೊಳ್ಳಲು ನನಗೆ ಎರಡು ಮಳೆಗಾಲ ಬೇಕಾಯಿತು. ಅಷ್ಟರಲ್ಲಿ ಎರಡು ಹಾಸಿಗೆ, ಒಂದು ಬಾಗಿಲು ಕೈಬಿಟ್ಟವು.

ಮೊದಲು ಹಾಸಿಗೆ ವಿಷಯ. ಮಳೆಗಾಲದಲ್ಲಿ ಗೆಸ್ಟ್ ಕಡಿಮೆ. ಮೊದಲ ವರ್ಷ ಕಿಟಕಿ ಬಾಗಿಲೆಲ್ಲ ಭದ್ರ ಮಾಡಿ, ಮೇಲಿಂದ ನೆಲದ ತನಕ ನೀಲಿ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಬಿಟ್ಟೆವು. ಒಂದು ಹನಿ ಒಳಗೆ ಹೋಗಬಾರದು ಅಂತ. ಆರಿದ್ರೆ, ಪುನರ್ವಸು, ಪುಷ್ಯ ಎಲ್ಲ ಕಳೆದು ಆಶ್ಲೇಷಾದಲ್ಲಿ ಎರಡು ದಿನ ಹೊಳವಾಯಿತು. ಬಾಗಿಲು ತೆಗೆದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಹಾಸಿಗೆ ಎತ್ತಿದರೆ ಅಡಿಯಲ್ಲಿ ಬೂಷ್ಟು, ಬೆಕ್ಕಿನ ಮರಿಯ ಮೈ ಥರ ಬೂದು ಬಣ್ಣಕ್ಕೆ, ಮೆತ್ತಗೆ. ಚಾವಣಿ ಎಲ್ಲಾದರೂ ಸೋರಿದೆಯಾ ಅಂತ ಟಾರ್ಚ್ ಹಿಡಿದು ಹುಡುಕಿದೆವು. ಎಲ್ಲೂ ಸೋರಿರಲಿಲ್ಲ.

ಅತ್ತೆ ಬಂದು ಒಂದು ಸಲ ಒಳಗೆ ಇಣುಕಿ, “ಗಾಳಿ ಆಡದಿದ್ದರೆ ಡಬ್ಬದಲ್ಲಿರೋ ಅಕ್ಕಿನೇ ಮುಗ್ಗುತ್ತೆ, ಇದನ್ನ ಬಿಡುತ್ತಾ?” ಅಂದರು. ಪುಸ್ತಕದಲ್ಲೂ ಅದೇ ಇತ್ತು, ನಾನೇ ಓದದೆ ಹಾರಿಸಿದ್ದೆ. ಕ್ಯಾರವಾನಿನ ನೆಲದಲ್ಲಿ, ಚಾವಣಿಯಲ್ಲಿ ಗಾಳಿಕಂಡಿ ಬಿಟ್ಟಿರುತ್ತಾರೆ. ನಮ್ಮ ಟಾರ್ಪಾಲು ಅದೆಲ್ಲವನ್ನೂ ಮುಚ್ಚಿತ್ತು. ಅಡಿಯ ಒದ್ದೆ ಮಣ್ಣಿನಿಂದ ಎದ್ದ ತೇವ ಹೊರಗೆ ಹೋಗಲು ದಾರಿ ಇಲ್ಲದೆ, ತಣ್ಣಗಿದ್ದ ಗೋಡೆಯ ಮೇಲೆ, ಹಾಸಿಗೆಯ ಅಡಿ ಹನಿಯಾಗಿ ಕೂತಿತ್ತು. ಜನ ಇದ್ದರಂತೂ ಇನ್ನೂ ಜಾಸ್ತಿ. ಇಬ್ಬರು ರಾತ್ರಿ ಮಲಗಿ ಎದ್ದರೆ ಉಸಿರು, ಬೆವರಿನಿಂದಲೇ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಗಾಳಿ ಸೇರುತ್ತದೆ.

ಈಗ ಟಾರ್ಪಾಲು ಇಲ್ಲ. ಡಬ್ಬಿಮನೆಯ ಮೇಲೆ ಎರಡಡಿ ಬಿಟ್ಟು ಶೀಟಿನ ಚಪ್ಪರ ಹಾಕಿಸಿದ್ದೇವೆ. ನಾಲ್ಕೂ ಕಡೆ ಗಾಳಿ ಆಡುತ್ತದೆ. ಅಡಿಗೆ ಕಾಂಕ್ರೀಟು, ಸುತ್ತ ಚರಂಡಿ. ಜೂನ್ ಬಂದರೆ ಹಾಸಿಗೆಗಳನ್ನು ಗೋಡೆಗೆ ತಾಗದ ಹಾಗೆ ಎತ್ತಿ ನಿಲ್ಲಿಸುತ್ತೇವೆ. ಬೀರು, ಫ್ರಿಜ್ಜಿನ ಬಾಗಿಲು ತೆರೆದೇ ಇರುತ್ತವೆ. ತೇವ ಎಳೆಯುವ ಡಬ್ಬಿ ಅಂತ ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನು ಮುಚ್ಚಿದ ಬೀರುವಿನಲ್ಲಿ ಇಟ್ಟರೆ ಕೆಲಸ ಮಾಡುತ್ತದೆ. ಕಿಟಕಿ ತೆರೆದಿಟ್ಟು ಅದನ್ನು ಇಡುವುದು ಅಂದರೆ ಇಡೀ ಚಾರ್ಮಾಡಿ ಘಾಟಿಯ ಮಂಜು ಒಣಗಿಸಲು ಹೊರಟ ಹಾಗೆ.

ಬಾಗಿಲು ಹೋದದ್ದು ಎರಡನೇ ವರ್ಷ. ಜುಲೈನಲ್ಲಿ ಬಾಗಿಲು ಕೆಳಗಡೆ ಉಜ್ಜಲು ಶುರುವಾಯಿತು. ಮಳೆಗೆ ಹಿಗ್ಗಿದೆ ಅಂದುಕೊಂಡೆವು. ಬಡಗಿಯನ್ನು ಕರೆಸಿ ಕೆಳಗಿನ ಅಂಚು ಹೆರೆಸಿದೆವು. ಮಳೆ ಬಿಟ್ಟ ಮೇಲೆ ಯಜಮಾನರು ಸುಮ್ನೆ ನೆಲದ ಮೇಲೆ ಮಟ್ಟಗೋಲು ಇಟ್ಟು ನೋಡಿದರೆ, ಡಬ್ಬಿಮನೆಯ ಒಂದು ಮೂಲೆ ಎರಡು ಇಂಚು ಕೂತಿದೆ! ಆಗ ಅಡಿಗೆ ಕಾಂಕ್ರೀಟ್ ಇರಲಿಲ್ಲ, ಜಾಕಿನ ಅಡಿಯ ಮಣ್ಣು ಕುಸಿದಿತ್ತು. ಚೌಕಟ್ಟೇ ಸೊಟ್ಟಗಾಗಿತ್ತು, ಬಾಗಿಲಿನದು ಏನೂ ತಪ್ಪಿರಲಿಲ್ಲ. ಮಟ್ಟ ಸರಿಮಾಡಿದ ಮೇಲೆ ಹೆರೆದ ಬಾಗಿಲಿನ ಅಡಿ ಬೆರಳು ತೂರುವಷ್ಟು ಸಂದು. ಇಂಬಳ ಬರಲು ಅಷ್ಟು ಸಾಕಲ್ವಾ? ಕೊನೆಗೆ ಬಾಗಿಲೇ ಬದಲಾಯಿಸಿದೆವು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ಮೂಲೆಯಲ್ಲಿ ಇಳಿಬಿಡುವ ಸಣ್ಣ ಕಾಲುಗಳು ಇರುವುದು ಗಾಡಿ ಅಲ್ಲಾಡದಿರಲಿ ಅಂತ ಮಾತ್ರ. ಅವುಗಳಿಂದ ಗಾಡಿ ಎತ್ತಬಾರದು. ಭಾರ ಹೊರಬೇಕಾದ್ದು ಆಕ್ಸಲ್ ಹತ್ತಿರ ಇಡುವ ಗಟ್ಟಿ ಸ್ಟ್ಯಾಂಡುಗಳು. ಟೈರಿನ ಮೇಲೆ ವರ್ಷಗಟ್ಟಲೆ ಭಾರ ಬಿಟ್ಟರೆ ಒಂದೇ ಕಡೆ ಚಪ್ಪಟೆಯಾಗುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ.

ಇನ್ನು ಗೋಡೆ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್, ನಡುವೆ ಮರದ ಪಟ್ಟಿ, ಥರ್ಮಾಕೋಲ್. ನೀರು ಒಳಗೆ ಬರುವುದು ಕಿಟಕಿಯ ಅಂಚು, ಸ್ಕ್ರೂ ತೂತುಗಳಿಂದ. ಬಂದರೂ ವರ್ಷಗಟ್ಟಲೆ ಕಾಣಿಸುವುದಿಲ್ಲ. ನಾನು ಮಾಡುವುದು ಇಷ್ಟೇ. ಸ್ಕ್ರೂಡ್ರೈವರಿನ ಹಿಡಿಯಿಂದ ಒಳಗೋಡೆಯನ್ನು ಮೆಲ್ಲಗೆ ತಟ್ಟುತ್ತ ಹೋಗುತ್ತೇನೆ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಟಕ್ ಟಕ್ ಅಂದರೆ ಸರಿ. ಸದ್ದು ಮಂಕಾದ ಕಡೆ ಹೆಬ್ಬೆರಳು ಒತ್ತಿದರೆ ಬ್ರೆಡ್ಡಿನ ಥರ ಒಳಗೆ ಹೋಗುತ್ತದೆ. ನಮ್ಮ ಹಿಂದಿನ ಕಿಟಕಿಯ ಕೆಳಗೆ ಅಂಗೈ ಅಗಲ ಹಾಗೆ ಸಿಕ್ಕಿತು. ಅಲ್ಲಿ ಯಾರೋ ಮೊದಲು ಸಿಲಿಕೋನ್ ಬಳಿದಿದ್ದರು. ಹಳೆ ಸಿಲಿಕೋನ್ ಮೇಲೆ ಯಾವುದೂ ಸರಿಯಾಗಿ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ. ಪೂರ್ತಿ ಕೆರೆದು ತೆಗೆದು, ಕೊಳೆತ ಪ್ಲೈ ಬದಲಿಸಿ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬ್ಯೂಟೈಲ್ ಟೇಪು ಹಾಕಿಸಿದೆವು. ಪಾಚಿ ತೊಳೆಯಲು ಮೆತ್ತನೆ ಬ್ರಷ್ಷು, ಸೋಪಿನ ನೀರು ಸಾಕು. ಜೀಪು ತೊಳೆಯುವ ಪ್ರೆಷರ್ ಪಂಪನ್ನು ಅಂಚುಗಳಿಗೆ ಬಿಟ್ಟರೆ ನಾವೇ ನೀರು ನುಗ್ಗಿಸಿದ ಹಾಗೆ.

ಇಲಿಗೆ ಪೈಪು ಒಳಬರುವ ಸಂದಿನಲ್ಲಿ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ, ಮೇಲೆ ಎಂ-ಸೀಲ್ ಮೆತ್ತಿದ್ದೇವೆ. ಆಮೇಲೆ ವೈರು ಕಡಿದಿಲ್ಲ.

ಗ್ಯಾಸಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಗಳಗಂಟಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ನಿಲ್ಲುತ್ತದೆ. ನೆಲದ ಕಂಡಿ ಇರುವುದು ಅದು ಹೊರಗೆ ಹೋಗಲಿ ಅಂತಲೂ ಹೌದು. ಒಮ್ಮೆ ಗೆಸ್ಟ್ ಒಬ್ಬರು ಚಳಿ ಅಂತ ಅದಕ್ಕೆ ಟವೆಲ್ ತುರುಕಿದ್ದರು. ಇನ್ನೊಮ್ಮೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಪೂರ್ತಿ ಮುಚ್ಚಿತ್ತು. ಈಗ ಪ್ರತಿ ಸೋಮವಾರ ಬಗ್ಗಿ ನೋಡುತ್ತೇನೆ. ರಬ್ಬರ್ ಟ್ಯೂಬಿಗೆ ಐಎಸ್‌ಐ ಗುರುತು ಇರಬೇಕು, 5 ವರ್ಷಕ್ಕೆ ಬದಲಿಸಲೇಬೇಕು.

ಈಗ ಮೇ ತಿಂಗಳ ನಡು. ಮೃಗಶಿರೆಗೆ ಇನ್ನು ಮೂರು ವಾರ. ನೀರಿನ ಟ್ಯಾಂಕ್ ಖಾಲಿ ಮಾಡಿ ಒಣಗಿಸಿದ್ದಾಯಿತು, ಬ್ಯಾಟರಿ ಬಿಚ್ಚಿ ಮನೆಯೊಳಗೆ ಚಾರ್ಜಿಗೆ ಇಟ್ಟಿದ್ದಾಯಿತು. ಉಳಿದಿರುವುದು ಚಪ್ಪರದ ಮೇಲೆ ಬಾಗಿರುವ ಹಾಲವಾಣದ ಕೊಂಬೆ. ಗಾಳಿಗೆ ಮುರಿದು ಬೀಳುವ ಜಾತಿ ಅದು. ಮರಗಸಿಯವರು, ಅಂದರೆ ನೆರಳು ಮರದ ಕೊಂಬೆ ಕಡಿಯುವವರು, ನಾಳೆ ಬರುತ್ತಾರೆ. ಅದರ ಮೇಲೆ ಒಳ್ಳೆ ಮೆಣಸಿನ ಬಳ್ಳಿ ಹಬ್ಬಿದೆ, ಮುಟ್ಟಬೇಡಿ ಅಂತ ಅತ್ತೆ ಹೇಳಿದ್ದಾರೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಇನ್ನೊಂದು ಸಲ ಕೇಳಿ ನೋಡಬೇಕು.

ನಮಸ್ಕಾರ.