ದೀಪ ಹತ್ತಿತು ಅಂತ ಪಾರ್ಟ್ ಬದಲಿಸಬೇಡಿ

ಎಲ್ಲರಿಗೂ ನಮಸ್ಕಾರ.

ಕಾರಿನ ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿದ ಕೂಡಲೇ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಹಾಕಿ 'ಸೆನ್ಸರ್ ಹೋಗಿದೆ ಸಾರ್' ಅನ್ನುತ್ತಾರೆ. ಹೊಸದು ಹಾಕಿಸುತ್ತೇವೆ. ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹಾಜರ್. ಯಾಕೆಂದರೆ ಸ್ಕ್ಯಾನರಿನಲ್ಲಿ ಬರುವ ಕೋಡ್ ಹೇಳುವುದು ಕಾರಿನ ಕಂಪ್ಯೂಟರಿಗೆ ಕಂಡ ತೊಂದರೆಯನ್ನು ಮಾತ್ರ. ಕೆಟ್ಟಿರುವ ಪಾರ್ಟ್ ಯಾವುದು ಅಂತ ನಾವೇ ಹುಡುಕಬೇಕು.

ನಮ್ಮ ದೇಶದಲ್ಲಿ 2013ರಿಂದ ಕಾರುಗಳಿಗೆ ಓಬಿಡಿ-2, ಅಂದರೆ ತೊಂದರೆಯನ್ನು ಕಾರೇ ಗಮನಿಸಿ ಕೋಡ್ ಬರೆದಿಡುವ ವ್ಯವಸ್ಥೆ, ಕಡ್ಡಾಯ. ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದರೆ 16 ಪಿನ್ನಿನ ಸಾಕೆಟ್ ಕಾಣುತ್ತದೆ. ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಸಿಕ್ಕಿಸಿದರೆ ಕೋಡ್ ನಿಮ್ಮ ಫೋನಿಗೇ ಬರುತ್ತದೆ. ಕೋಡಿನ ಮೊದಲ ಅಕ್ಷರ ಪಿ ಅಂದರೆ ಎಂಜಿನ್, ಗೇರ್‌ಬಾಕ್ಸ್ ಕಡೆಯದು. ಅದರ ಮುಂದೆ ಸೊನ್ನೆ ಇದ್ದರೆ ಎಲ್ಲ ಕಂಪನಿಯ ಕಾರಿಗೂ ಒಂದೇ ಅರ್ಥ. ಒಂದು ಇದ್ದರೆ ಅದು ಆ ಕಂಪನಿಯ ಸ್ವಂತ ಕೋಡ್.

ಪಿ0302 ತೆಗೆದುಕೊಳ್ಳಿ. ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಮೂರು ಸಿಲಿಂಡರಿನ ಪುಟ್ಟ ಕಾರಿನಲ್ಲಿ ಒಂದು ಕೈಕೊಟ್ಟರೆ ಸಿಗ್ನಲ್ಲಿನಲ್ಲಿ ನಿಂತಾಗ ಇಡೀ ಕಾರು ನಡುಗುತ್ತದೆ. ಕಿಡಿ ಹಾರಿಸುವ ಪ್ಲಗ್ಗೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ಲೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ರೋ? ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಾದರೆ ಎಂಜಿನ್ ಆರಿಸಿ, ಒಂದನೆಯದರ ಕಾಯಿಲ್ಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ ನೋಡಿ. ಈಗ ಪಿ0301 ಬಂದರೆ ಕಳ್ಳ ಸಿಕ್ಕಿಬಿದ್ದ, ಕಾಯಿಲ್ಲೇ ಹಾಳು. ಮತ್ತೆ 0302 ಬಂದರೆ ಕಾಯಿಲ್ ತಂಟೆಗೆ ಹೋಗಬೇಡಿ, ಪ್ಲಗ್ ಬಿಚ್ಚಿ ನೋಡಿ. ಖರ್ಚು ಒಂದು ಪೈಸೆ ಇಲ್ಲ.

ಪಿ0171 ಬಂದರಂತೂ ಜಾಸ್ತಿ ಜನ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಅಂತ ಅದರ ಅರ್ಥ. ಆ ಸೆನ್ಸರ್ ಪಾಪ, ಕಂಡದ್ದನ್ನು ಹೇಳಿದೆ ಅಷ್ಟೇ. ಮೊದಲು ಇನ್‌ಟೇಕ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಕಡೆಯ ರಬ್ಬರ್ ಪೈಪುಗಳನ್ನು ಬೆರಳಲ್ಲಿ ಮಡಚಿ ನೋಡಿ, ಬಿರುಕು ಬಿಟ್ಟಿರಬಹುದು. ಆಮೇಲೆ ಕಾರಿನೊಳಗಿನ ಪೆಟ್ರೋಲ್ ಪಂಪಿನ ಒತ್ತಡ ನೋಡಿಸಿ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಮಲಗುವ ಇಲಿಯನ್ನೂ ಮರೆಯಬೇಡಿ. ವೈರ್ ಕಡಿದಿದ್ದರೂ ಸ್ಕ್ಯಾನರ್ ಸೆನ್ಸರಿನ ಹೆಸರನ್ನೇ ತೋರಿಸುತ್ತದೆ.

ಹಳದಿ ದೀಪ ಸುಮ್ನೆ ಉರಿಯುತ್ತಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ಮನೆ ತಲುಪಬಹುದು. ಮಿಣುಕುತ್ತಿದ್ದರೆ ಆಕ್ಸಿಲರೇಟರ್ ಬಿಡಿ, ಬದಿಗೆ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿರುತ್ತದೆ, ಅದು ದುಬಾರಿ ಬಾಬತ್ತು. ಕೆಂಪು ಆಯಿಲ್ ದೀಪ ಬಂದರೆ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್. ಅಲ್ಲಿ ಚರ್ಚೆಯೇ ಬೇಡ.

ಇನ್ನೊಂದು ವಿಷಯ. ಬ್ಯಾಟರಿ ವೈರ್ ಬಿಚ್ಚಿ ದೀಪ ಆರಿಸುವ ಚಾಳಿ ಬಿಡಿ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಆರ್‌ಪಿಎಂ ಎಷ್ಟು, ವೇಗ ಎಷ್ಟು ಅನ್ನುವುದೂ ದಾಖಲಾಗಿರುತ್ತದೆ. ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಹೋಯಿತು. ಅಳಿಸುವ ಮೊದಲು ಒಂದು ಫೋಟೋ ಹೊಡೆದುಕೊಳ್ಳಿ, ಮೆಕ್ಯಾನಿಕ್ಕಿಗೂ ಹಾಗೇ ಹೇಳಿ.

ಅಡಾಪ್ಟರ್ ತಂದಿದ್ದೇನೆ. ಹೊರಗೆ ಕಾರು ನಿಲ್ಲಿಸಿದವರು ಕೀ ಹಿಡಿದು ಬನ್ನಿ, ಒಂದೊಂದಾಗಿ ನೋಡೋಣ.