ಅಮ್ಮನ ಬೆರಳಿನ ಗಿಣ್ಣು

ಕೇಳುಗರಿಗೆಲ್ಲ ನಮಸ್ಕಾರ. ನಮ್ಮನೆ ಬಸವನಗುಡೀಲಿ. ಮೂರು ವರ್ಷದ ಹಿಂದೆ ಬೆಳಿಗ್ಗೆ ಹೊತ್ತು ಅಮ್ಮನಿಗೆ ಹಾಲಿನ ಪ್ಯಾಕೆಟ್ ಮೂಲೆ ಕತ್ತರಿಸೋಕೂ ಆಗ್ತಿರ್ಲಿಲ್ಲ, ಗಿಣ್ಣು ಊದ್ಕೊಂಡು ಕತ್ತರಿ ಹಿಡಿಯೊಳಗೆ ಬೆರಳೇ ತೂರ್ತಿರ್ಲಿಲ್ಲ, ಒಂಬತ್ತು ಗಂಟೆ ಆದ್ಮೇಲೆ ಒಂಚೂರು ಸಡಿಲ ಆಗೋದು. ನಾವೆಲ್ಲ ವಾಯು ಅಂತ ಎಣ್ಣೆ ತಿಕ್ಕಿ ಎರಡು ವರ್ಷ ಕಳೆದ್ವಿ, ಆ ಎರಡು ವರ್ಷ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅದು ರುಮಟಾಯ್ಡ್ ಆರ್ಥ್ರೈಟಿಸ್. ಕೀಲು ಸವೆದು ಬರೋ ನೋವಲ್ಲ, ನಮ್ಮನ್ನ ಕಾಯಬೇಕಾದ ಜೀವಕೋಶಗಳೇ ಕೀಲಿನ ಒಳಪೊರೆ ಮೇಲೆ ಬೀಳೋದು. ಅವು ಒಂದನ್ನೊಂದು ಕೂಗಿ ಕರೆಯೋಕೆ ಕೆಲವು ಪ್ರೋಟೀನ್ ಬಿಡ್ತವೆ, ಅದ್ರಲ್ಲಿ ಜೋರು ದನಿ ಟಿಎನ್‌ಎಫ್‌ದು. ಲಂಡನ್ನಲ್ಲಿ ಮಾರ್ಕ್ ಫೆಲ್ಡ್‌ಮನ್, ರವೀಂದರ್ ಮೈನಿ ಅನ್ನೋರು ರೋಗಿಗಳ ಕೀಲಿಂದ ತೆಗೆದ ಜೀವಕೋಶಗಳಲ್ಲಿ ಇದೊಂದನ್ನ ತಡೆದು ನೋಡಿದ್ರು, ಉಳಿದ ಕೂಗೂ ತಗ್ಗಿತು. 1992ರಲ್ಲಿ ರೋಗಿಗಳಿಗೇ ಕೊಟ್ರು. ಕೊಟ್ಟಿದ್ದು ಒಂದು ಆಂಟಿಬಾಡಿ, ಟಿಎನ್‌ಎಫ್‌ನ ಮಾತ್ರ ಹುಡುಕಿ ಹಿಡ್ಕೊಳ್ಳೋದು. ಹೀಗೆ ಒಂದೇ ಥರದ ಆಂಟಿಬಾಡೀನ ಲ್ಯಾಬಲ್ಲಿ ಬೇಕಾದಷ್ಟು ಬೆಳೆಸೋ ದಾರಿ 1975ರಲ್ಲಿ ಕೋಹ್ಲರ್, ಮಿಲ್‌ಸ್ಟೀನ್ ಅನ್ನೋ ವಿಜ್ಞಾನಿಗಳು ತೋರಿಸಿದ್ದು.

ಅಮ್ಮನಿಗೂ ಟಿಎನ್‌ಎಫ್ ತಡೆಯೋ ಇಂಜೆಕ್ಷನ್ ಬರೆದುಕೊಡಿ ಅಂದ್ರೆ ಡಾಕ್ಟ್ರು ಮೊದಲು ಎದೆ ಎಕ್ಸ್‌ರೇ, ಟಿಬಿಗೆ ಬ್ಲಡ್ ಟೆಸ್ಟ್ ಅಂದ್ರು. ಕೈ ನೋವಿಗೆ ಎದೆ ಎಕ್ಸ್‌ರೇ ಯಾಕೆ ಅಂತ ನಂಗೆ ಸಿಟ್ಟೇ ಬಂತು. ಅವರು ಕೂರಿಸ್ಕೊಂಡು ಹೇಳಿದ್ರು ನೋಡಿ, ನಮ್ಮಲ್ಲಿ ತುಂಬ ಜನರ ಮೈಯಲ್ಲಿ ಟಿಬಿ ರೋಗಾಣು ಸುಮ್ಮನೆ ಮಲಗಿರುತ್ತೆ, ಜೀವಕೋಶಗಳು ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕಿರ್ತವೆ, ಆ ಗೋಡೆ ಬಿಗಿಯಾಗಿ ನಿಲ್ಲೋಕೆ ಬೇಕಾಗಿರೋದೂ ಇದೇ ಟಿಎನ್‌ಎಫ್. ಕೀಲಿಗೋಸ್ಕರ ಅದನ್ನ ಕಟ್ಟಿಹಾಕಿದ್ರೆ ಅಲ್ಲಿ ಗೋಡೆ ಸಡಿಲ.

ಅಮ್ಮನ ರಿಪೋರ್ಟ್ ಪಾಸಿಟಿವ್ ಬಂತು. ತಾನು ಚಿಕ್ಕವಳಿದ್ದಾಗ ತಾತನಿಗೆ ಟಿಬಿ ಇತ್ತು ಅಂತ ಅಮ್ಮ ಆವತ್ತೇ ಬಾಯಿಬಿಟ್ಟಿದ್ದು. ಟಿಬಿ ತಡೆಯೋ ಮಾತ್ರೆ ಒಂದು ತಿಂಗಳು ನುಂಗಿಸಿ, ಆಮೇಲೇ ಅಡಾಲಿಮುಮಾಬ್ ಅನ್ನೋ ಟಿಎನ್‌ಎಫ್ ತಡೆಯೋ ಆಂಟಿಬಾಡಿ ಇಂಜೆಕ್ಷನ್ ಶುರುಮಾಡಿದ್ದು, ಮಾತ್ರೆ ಕೋರ್ಸ್ ಅದರ ಜೊತೆಗೇ ಮುಗೀತು.

ಈಗ ಹದಿನೈದು ದಿನಕ್ಕೊಂದು ಸಲ, ಫ್ರಿಜ್‌ನಲ್ಲಿ ಕೊತ್ತಂಬರಿ ಪಕ್ಕದ ಡಬ್ಬೀಲಿ ಇರೋ ಸಿರಿಂಜ್ ತೆಗೆದು ಅರ್ಧ ಗಂಟೆ ಹೊರಗಿಟ್ಟು ಹೊಟ್ಟೆಗೆ ಚುಚ್ತೀನಿ. ಬಲಗೈ ಕಿರುಬೆರಳು ಸೊಟ್ಟಗಾಗಿದ್ದು ಸೊಟ್ಟಗೇ ಉಳೀತು, ಉಳಿದ ಬೆರಳಲ್ಲಿ ಅವರೆಕಾಯಿ ಬಿಡಿಸ್ತಾರೆ. ಚೆಕಪ್‌ಗೆ ಹೋದಾಗೆಲ್ಲ ಡಾಕ್ಟ್ರು ಕೈ ನೋಡೋಕೂ ಮುಂಚೆ ಕೇಳೋದು, ಕೆಮ್ಮಿದ್ಯಾ ಅಮ್ಮಾ, ಸಂಜೆ ಹೊತ್ತು ಮೈ ಬಿಸಿ ಆಗುತ್ತಾ ಅಂತ.