ಕಥೆಯಲ್ಲಿ ಸಾವು, ಯುದ್ಧದಲ್ಲಿ ಆಟೋ ಬಟನ್

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಡಿಜಿಮಾನ್ ಸರ್ವೈವ್ ಬಗ್ಗೆ ಮಾತಾಡೋಣ. 2022ರ ಜುಲೈನಲ್ಲಿ ಬಂದ ಗೇಮು. ಇಷ್ಟು ಹಳೇದನ್ನ ಈಗ ಯಾಕೆ ತೆಗೆದೆ ಅಂತೀರಾ? ಸೇಲ್ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಗುರು, ಅನಿಮೆ ಗೇಮು, ಸ್ಟ್ರಾಟಜಿನೂ ಇದೆ, ರೇಟ್ ಬೇರೆ ಇಳಿದಿದೆ, ತಗೊಳ್ಳಲಾ?" ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಹೇಳಿಬಿಡುತ್ತೇನೆ. ಕಥೆಯ ಗುಟ್ಟುಗಳು ರಟ್ಟಾಗುತ್ತವೆ. ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಡಿಜಿಮಾನ್ ಶುರುವಾಗಿದ್ದು 1997ರಲ್ಲಿ, ಜಪಾನಿನ ಬಂದಾಯ್ ಕಂಪನಿ ಮಾಡಿದ ಅಂಗೈಯಷ್ಟು ಆಟದ ಸಾಮಾನಾಗಿ. ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಬಂದದ್ದು 1999ರಲ್ಲಿ. ಬೇಸಿಗೆ ಶಿಬಿರಕ್ಕೆ ಹೋದ ಮಕ್ಕಳು ಇನ್ನೊಂದು ಲೋಕಕ್ಕೆ ಬೀಳುತ್ತಾರೆ, ಒಬ್ಬೊಬ್ಬರಿಗೂ ಡಿಜಿಮಾನ್ ಅನ್ನೋ ಒಂದೊಂದು ಜೀವಿ ಜೊತೆಯಾಗುತ್ತದೆ. ಮಗು ಅಪಾಯಕ್ಕೆ ಸಿಕ್ಕಿದಾಗ ಆ ಜೀವಿ ದೊಡ್ಡ ರೂಪ ತಾಳುತ್ತದೆ. ನಮಗೆ ರೋಮಾಂಚನ ಆಗುತ್ತಿದ್ದದ್ದು ಬರೀ ಹೊಡೆದಾಟಕ್ಕಲ್ಲ, ಆ ನಂಟಿಗೆ.

ಸರ್ವೈವ್ ಇದನ್ನೇ ತೆಗೆದುಕೊಂಡು ಕತ್ತಲೆಗೆ ತಳ್ಳುತ್ತದೆ. ಟಕುಮಾ ಅನ್ನೋ ಹುಡುಗ, ಅವನ ಜೊತೆಗೆ ಅಗುಮಾನ್. ಹಳೇ ಗುಡಿ, ಮಂಜು, ಪಾಳು ಬಿದ್ದ ಶಾಲೆ. ಮಕ್ಕಳನ್ನು ಬಲಿ ಕೊಡುತ್ತಿದ್ದರು ಅನ್ನೋ ಒಂದು ಊರ ಕಥೆ. ಚಿತ್ರಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಟಕುಮಾನ ಫೋನ್ ಕ್ಯಾಮೆರಾ ಹಿಡಿದು ನೋಡಿದರೆ ಬರಿಗಣ್ಣಿಗೆ ಕಾಣದ್ದು ಪರದೆಯಲ್ಲಿ ಗಿಜಿಗಿಜಿ ಅನ್ನುವ ಜಾಗಗಳಿವೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡಿದರೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಕಾಯಿಸಿದ್ದು ಮಾತ್ರ ವಿಪರೀತ. ಘೋಷಣೆ 2018ರಲ್ಲಿ, ಬರಬೇಕಿದ್ದದ್ದು 2019ಕ್ಕೆ. ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು, ನಡುವೆ ಗೇಮ್ ಮಾಡುವ ತಂಡವೇ ಬದಲಾಯಿತು. ನಮ್ಮೂರಿನ ಫ್ಲೈಓವರ್ ನೋಡಿದವರಿಗೆ ಇದೇನು ದೊಡ್ಡ ವಿಷಯ ಅಲ್ಲ ಬಿಡಿ.

ಬಿಡುಗಡೆಯ ಹೊತ್ತಿಗೆ ನಿರ್ಮಾಪಕ ಕಜುಮಾಸಾ ಹಾಬು ಒಂದು ಮಾತು ಮೊದಲೇ ಹೇಳಿಬಿಟ್ಟರು. ಇದರಲ್ಲಿ ಸುಮಾರು 70 ಭಾಗ ಓದುವ ಕಥೆ, 30 ಭಾಗ ಯುದ್ಧ ಅಂತ. ತುಂಬಾ ಜನರಿಗೆ ಸಿಟ್ಟು ಬಂದದ್ದು ಅಲ್ಲೇ. "ದುಡ್ಡು ಕೊಟ್ಟಿದ್ದು ಓದೋಕಾ?" ಅಂದರು. ನನ್ನ ತಕರಾರು ಅದಲ್ಲ. ಓದೋದಕ್ಕೆ ನಾನು ತಯಾರಿದ್ದೇನೆ. ಕೈಯಲ್ಲಿ ಹಿಡಿದು ಆಡೋ ನಿಂಟೆಂಡೊ ಸ್ವಿಚ್ ತಗೊಂಡು ಕೆಂಗೇರಿಯಲ್ಲಿ ನೇರಳೆ ಮೆಟ್ರೋ ಹತ್ತಿ, ಜಾಗ ಸಿಕ್ಕಿದರೆ, ವೈಟ್‌ಫೀಲ್ಡ್ ತನಕ ಓದಿಕೊಂಡೇ ಹೋಗಬಹುದು. ಧ್ವನಿ ಜಪಾನಿ, ಅಕ್ಷರ ಇಂಗ್ಲಿಷ್, ಹಾಗಾಗಿ ಕಣ್ಣು ತೆಗೆಯೋ ಹಾಗಿಲ್ಲ. ಪಕ್ಕದಲ್ಲಿ ಕೂತವರು ಸುಮ್ನೆ ಇಣುಕಿ ನೋಡಿ, "ಇದರಲ್ಲಿ ಆಟ ಎಲ್ಲಿದೆ?" ಅನ್ನೋ ಮುಖ ಮಾಡುತ್ತಾರೆ, ಅಷ್ಟೆ. 13 ಸೆಂಟಿನೆಲ್ಸ್ ಅಂತ ಒಂದು ಗೇಮ್ ಇದೆ, ಜಪಾನಿನಲ್ಲಿ 2019ರಲ್ಲೇ ಬಂತು. ಅದರಲ್ಲೂ ರಾಶಿ ರಾಶಿ ಕಥೆ, ನಡುವೆ ಯುದ್ಧ. ಅದನ್ನು ಯಾರೂ ಓದು ಜಾಸ್ತಿ ಆಯ್ತು ಅಂತ ಮೂಲೆಗೆ ಎಸೆಯಲಿಲ್ಲ.

ನನ್ನ ತಕರಾರು ಬೇರೆ. ಆ 70ಕ್ಕೂ ಈ 30ಕ್ಕೂ ಮಾತೇ ಇಲ್ಲ. ಒಂದೇ ಮನೆಯಲ್ಲಿದ್ದಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಟಕುಮಾ ಜೊತೆ ಸಿಕ್ಕಿಬಿದ್ದ ಮಕ್ಕಳಲ್ಲಿ ಒಬ್ಬನಾದ ಶೂಜಿಯ ವಿಷಯ ತಗೊಳ್ಳಿ. ಗುಂಪಿಗೆ ನಾನೇ ದೊಡ್ಡವನು, ನಾನೇ ಜವಾಬ್ದಾರಿ ಹೊರಬೇಕು ಅಂದುಕೊಂಡ ಹುಡುಗ. ಭಯ ಜಾಸ್ತಿ, ಅದನ್ನು ತೋರಿಸಿಕೊಳ್ಳಲಾರ. ಅವನ ಜೊತೆಗಾರ ಲಾಪ್‌ಮಾನ್, ಉದ್ದ ಕಿವಿಯ ಪಾಪದ ಜೀವಿ. ಬೇರೆಯವರ ಡಿಜಿಮಾನ್ ದೊಡ್ಡದಾಗುತ್ತವೆ, ಇದು ಆಗುವುದಿಲ್ಲ. ಶೂಜಿ ಬೈಯುತ್ತಾನೆ. ಆಮೇಲೆ ಹಿಂಸೆ ಕೊಡುವುದಕ್ಕೆ ಶುರು ಮಾಡುತ್ತಾನೆ. ಅದು ಎಲ್ಲಾ ಸಹಿಸಿಕೊಂಡು ಅವನ ಹಿಂದೆಯೇ ಬರುತ್ತದೆ. ಕೊನೆಗೆ ರೂಪ ಬದಲಾಗುತ್ತದೆ, ಆದರೆ ವೆಂಡಿಗೋಮಾನ್ ಅನ್ನೋ ರಾಕ್ಷಸನಾಗಿ. ಅದು ಶೂಜಿಯನ್ನೇ ತಿಂದುಬಿಡುತ್ತದೆ. ಮಕ್ಕಳ ಅನಿಮೆಯ ಹೆಸರು ಹೊತ್ತ ಗೇಮಲ್ಲಿ ಈ ದೃಶ್ಯ! ಬರೆದವರಿಗೆ ಧೈರ್ಯ ಇತ್ತು, ಒಪ್ಪಲೇಬೇಕು.

ಈಗ ಯುದ್ಧಕ್ಕೆ ಬನ್ನಿ. ಚೌಕದ ನೆಲ, ಸರದಿ ಪ್ರಕಾರ ನಡೆ. ಹಿಂದಿನಿಂದ ಹೊಡೆದರೆ ಏಟು ಜಾಸ್ತಿ ಬೀಳುತ್ತದೆ. ದೊಡ್ಡ ರೂಪದಲ್ಲಿರುವಷ್ಟು ಹೊತ್ತೂ ಸರದಿಗೊಮ್ಮೆ ಶಕ್ತಿ ಕರಗುತ್ತದೆ. ಮಕ್ಕಳು ಹತ್ತಿರ ನಿಂತು ತಮ್ಮ ಡಿಜಿಮಾನ್ ಜೊತೆ ಮಾತಾಡಿ ಹುರುಪು ತುಂಬಬಹುದು. ಹೇಳುವಾಗ ಎಷ್ಟು ಚೆನ್ನಾಗಿದೆ ಅಲ್ವಾ? ಆಡುವಾಗ ಇದ್ಯಾವುದೂ ಬೇಕಾಗುವುದೇ ಇಲ್ಲ. ನಾರ್ಮಲ್ ಮಟ್ಟದಲ್ಲಿ ಹತ್ತಿರ ಹೋಗು, ಹೊಡಿ. ಹತ್ತಿರ ಹೋಗು, ಹೊಡಿ. ಬೇಜಾರಾದರೆ ಆಟೋ ಬಟನ್ ಇದೆ, ಗೇಮೇ ನಮ್ಮ ಬದಲು ಆಡುತ್ತದೆ. ಅದನ್ನು ಒತ್ತಿ ಒಲೆ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಗೆದ್ದಿರುತ್ತೀರಿ. ಸ್ಟ್ರಾಟಜಿ ಗೇಮಿನಲ್ಲಿ ಆಡುವವರು ಎದ್ದು ಹೋದರೂ ಫಲಿತಾಂಶ ಅದೇ ಅಂದರೆ ಏನು ಹೇಳೋಣ?

ಕಷ್ಟದ ಮಟ್ಟಕ್ಕೆ ಏರಿಸಿ ನೋಡಿ ಅನ್ನುತ್ತೀರಾ? ಏರಿಸಿದರೆ ಹೊಡೆದಾಟ ಉದ್ದ ಆಗುತ್ತದೆ, ಯೋಚನೆ ಉದ್ದ ಆಗುವುದಿಲ್ಲ.

ಆಡು ಹುಲಿ ಆಟ ಆಡಿದ್ದೀರಲ್ಲ? ಹಳೇ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಅದರ ಮನೆ ಕೊರೆದಿರುತ್ತಾರೆ. 3 ಹುಲಿ, 15 ಆಡು. ಒಂದು ಆಡು ಹೋಯಿತು ಅಂದರೆ ನೀವೇ ಅದರ ಹಿಂದಿನ ಮನೆ ಖಾಲಿ ಬಿಟ್ಟಿದ್ದೀರಿ. ಹೊಟ್ಟೆ ಉರಿಯುವುದು ಅದಕ್ಕೇ. ಸ್ಟ್ರಾಟಜಿ ಆಟದ ಜೀವವೇ ಅದು, ಕಳೆದುಕೊಂಡದ್ದು ನಮ್ಮ ನಡೆಯಿಂದ ಅಂತ ನಮಗೆ ಗೊತ್ತಿರುವುದು. 1990ರಲ್ಲಿ ಶುರುವಾದ ಫೈರ್ ಎಂಬ್ಲೆಮ್ ಗೇಮುಗಳೂ ಇದೇ ನಂಬಿಕೆಯ ಮೇಲೆ ನಿಂತಿವೆ. ಅವುಗಳ ಮೂಲ ನಿಯಮದಲ್ಲಿ ಯುದ್ಧದಲ್ಲಿ ಸತ್ತವನು ವಾಪಸ್ ಬರುವುದಿಲ್ಲ, ಆ ಸಿಪಾಯಿಯನ್ನು ಅಲ್ಲಿ ನಿಲ್ಲಿಸಿದ್ದು ನೀವೇ.

ಸರ್ವೈವ್‌ನಲ್ಲಿ ಶೂಜಿ ಸಾಯುವುದಕ್ಕೂ ನಾನು ಯುದ್ಧ ಹೇಗೆ ಆಡಿದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ರ್ಯೋ ಅಂತ ಇನ್ನೊಬ್ಬ ಹುಡುಗ ಇದ್ದಾನೆ, ಅವನ ಕಥೆಯೂ ಅಷ್ಟೇ. ಮೊದಲ ಸಲ ಆಡುವಾಗ ಇವರಿಬ್ಬರನ್ನು ಉಳಿಸುವುದಕ್ಕೆ ದಾರಿಯೇ ಇಲ್ಲ. ಒಂದೂ ಪೆಟ್ಟು ತಿನ್ನದೆ ಗೆದ್ದುಕೊಂಡು ಬನ್ನಿ, ಆದರೂ ಸಾಯುತ್ತಾರೆ. ಸಾವು ಬರೆದಿಟ್ಟದ್ದು. ಕಥೆ ಓದಿಸುವ ಗೇಮಾಗಿದ್ದರೆ ಅದು ಸರಿ. ಚೌಕದ ನೆಲ ಹಾಸಿ, ಇದು ಉಳಿವಿನ ಹೋರಾಟ ಅಂತ ಹೆಸರಿನಲ್ಲೇ ಹೇಳಿದ ಮೇಲೆ ಸರಿಯಲ್ಲ. ಹೆಣ್ಣುಮಗಳೊಬ್ಬಳು ಮೂಲೆಯಲ್ಲಿ ಕೂತು ಅಳುತ್ತಿರುತ್ತಾಳೆ, "ನಾವೆಲ್ಲ ಇಲ್ಲೇ ಸಾಯುತ್ತೇವೆ" ಅನ್ನೋ ಭಯ ಎಲ್ಲರ ಮುಖದಲ್ಲೂ ಇರುತ್ತದೆ. ಮುಂದಿನ ಯುದ್ಧದಲ್ಲಿ ಅದೇ ಗುಂಪು ಬಂದವರನ್ನೆಲ್ಲ ಚಟ್ನಿ ಮಾಡಿ ಅನುಭವದ ಅಂಕ ಎಣಿಸುತ್ತದೆ. ಯಾವುದನ್ನು ನಂಬಬೇಕು?

ಎರಡನೇ ಸಲ ಆಡಿದರೆ ಇಬ್ಬರನ್ನೂ ಉಳಿಸಬಹುದು ಅಂತ ಅಭಿಮಾನಿಗಳು ಹೇಳುತ್ತಾರೆ. ನಿಜ, ಉಳಿಸಬಹುದು. ಹೇಗೆ? ಅವರ ಜೊತೆ ಸರಿಯಾದ ಮಾತು ಆರಿಸಿ, ವಿಶ್ವಾಸ ಗಳಿಸಿ. ಅಲ್ಲಿಯೂ ಯುದ್ಧಕ್ಕೆ ಕೆಲಸ ಇಲ್ಲ. ಶೂಜಿಯನ್ನು ಕಾಪಾಡಲು ಲಾಪ್‌ಮಾನ್ ಪಕ್ಕಕ್ಕೆ ಅಗುಮಾನ್ ಅನ್ನು ತಂದು ನಿಲ್ಲಿಸುವ ಒಂದೇ ಒಂದು ನಡೆ ಕೊಟ್ಟಿದ್ದರೂ ಸಾಕಿತ್ತು. ನಾನು ಈ ವಿಡಿಯೋನೇ ಮಾಡುತ್ತಿರಲಿಲ್ಲ.

ಸರಿ, ತಗೊಳ್ಳಬೇಕಾ? ಡಿಜಿಮಾನ್ ಮೇಲೆ ಪ್ರೀತಿ ಇದ್ದರೆ, ಸೇಲ್‌ನಲ್ಲಿ ಅರ್ಧಕ್ಕಿಂತ ಕಮ್ಮಿಗೆ ಸಿಕ್ಕರೆ ತಗೊಳ್ಳಿ. ಯುದ್ಧವನ್ನು ಸುಲಭಕ್ಕೆ ಇಟ್ಟು, ಆಟೋ ಹಾಕಿ, ಕಥೆ ಓದಿ. ಪ್ಲೇಸ್ಟೇಷನ್ ಇರುವವರು ಗಾಂಧಿನಗರದ ಕಡೆ ಹೋದಾಗ ಸೆಕೆಂಡ್ ಹ್ಯಾಂಡ್ ಡಿಸ್ಕ್ ವಿಚಾರಿಸಿ, ಚೌಕಾಸಿ ಮಾಡೋದು ಮರೀಬೇಡಿ. ಸ್ಟ್ರಾಟಜಿಗೋಸ್ಕರ ಅಂತ ಮಾತ್ರ ಹೋಗಬೇಡಿ. 2022ರ ಮಾರ್ಚ್‌ನಲ್ಲೇ ಟ್ರಯಾಂಗಲ್ ಸ್ಟ್ರಾಟಜಿ ಅನ್ನೋ ಗೇಮ್ ಬಂದಿದೆ, ಅದರಲ್ಲೂ ಮಾತು ವಿಪರೀತ, ಆದರೆ ಎಲ್ಲಿ ನಿಂತೆ ಅನ್ನುವುದಕ್ಕೆ ಬೆಲೆ ಇದೆ. ಮುಂದಿನ ವಾರ ಅದರ ಬಗ್ಗೆ ಮಾತಾಡೋಣ.